ಓಲೆಗರಿಯ ಕೊನೆಯ ಸಾಲಿನಿಂದ ಇಸವಿ ಹಿಡಿಯುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ಮನೆಯ ಅಟ್ಟದಲ್ಲಿ ಜೈಮಿನಿ ಭಾರತದ ಓಲೆಗರಿ ಕಟ್ಟೊಂದು ಸಿಕ್ಕಿದೆ. ಕೊನೆಯ ಗರಿಯಲ್ಲಿ ‘ಶಾಲಿವಾಹನ ಶಕ ವರುಷ ೧೬೮… ನೆಯ ಸ್ವಭಾನು ಸಂವತ್ಸರದ ಕಾರ್ತಿಕ ಶು ೧೫ ಆದಿವಾರದಲ್ಲು ಬರದು ಸಂಪೂರ್ಣವಾಯಿತು’ ಎಂದಿದೆ. ಶಕ ವರ್ಷದ ಕೊನೆಯ ಅಂಕಿಯನ್ನು ಹುಳು ತಿಂದಿದೆ. ಇದು ಯಾವ ಇಸವಿ? ಲಕ್ಷ್ಮೀಶ ಕಾವ್ಯ ಬರೆದದ್ದು ಆಗಲೇ ಎಂದು ಹೇಳಬಹುದೇ? ಹಳೆಗನ್ನಡ ಕವಿಗಳ ಕಾಲವನ್ನು ವಿದ್ವಾಂಸರು ನಿರ್ಧರಿಸುವುದೂ ಹೀಗೆಯೇ?

ಉತ್ತರ: ನಿಮ್ಮ ಗರಿಯ ದಿನ 1763ರ ನವೆಂಬರ್ 20, ಭಾನುವಾರ. ಅದು ಈ ಪ್ರತಿಯನ್ನು ಬರೆದು ಮುಗಿಸಿದ ದಿನ. ಲಕ್ಷ್ಮೀಶನ ಕಾಲಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಕವಿ ಅದಕ್ಕಿಂತ ಹಿಂದಿನವನು ಎಂಬುದಷ್ಟೇ ಅದರಿಂದ ಸಿಗುವ ಮಾಹಿತಿ. ಅಂಕಿ ಹರಿದುಹೋಗಿದ್ದರೂ ದಿನವನ್ನು ಇಷ್ಟು ಖಚಿತವಾಗಿ ಹೇಳಲು ಆಗುವುದು, ಆ ಒಂದು ಸಾಲಿನೊಳಗೆ ಒಂದಕ್ಕೊಂದು ಸಾಕ್ಷಿ ಹೇಳುವ ನಾಲ್ಕು ಸಂಗತಿಗಳು ಇರುವುದರಿಂದ: ಶಕ, ಸಂವತ್ಸರ, ತಿಥಿ, ವಾರ. ಕಾಲನಿರ್ಣಯದಲ್ಲಿ ಬಹುಪಾಲು ತಪ್ಪುಗಳು ಹುಟ್ಟುವುದು ಈ ನಾಲ್ಕರಲ್ಲಿ ಶಕದ ಅಂಕಿಯೊಂದನ್ನೇ ನಂಬಿ ಉಳಿದ ಮೂರನ್ನು ಅಲಂಕಾರವೆಂದು ಬಿಟ್ಟಾಗ.

ಮೊದಲು ಸಂವತ್ಸರ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಹೆಸರುಗಳು ನಿಮ್ಮ ಮನೆಯ ಪಂಚಾಂಗದಲ್ಲೇ ಕ್ರಮವಾಗಿ ಇರುತ್ತವೆ. ಗತ ಶಕ ವರ್ಷಕ್ಕೆ, ಅಂದರೆ ತುಂಬಿ ಕಳೆದ ಶಕ ವರ್ಷಗಳ ಸಂಖ್ಯೆಗೆ, 12 ಕೂಡಿಸಿ, 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅರವತ್ತನೆಯದು. ಸೂತ್ರ ಸರಿಯೇ ಎಂದು ಈಚಿನ ವರ್ಷವೊಂದರಿಂದ ನೋಡಿಕೊಳ್ಳಿ: 2020ರ ಯುಗಾದಿಗೆ ಶಕ 1942. 12 ಸೇರಿಸಿದರೆ 1954, ಅರವತ್ತರಿಂದ ಭಾಗಿಸಿದರೆ ಶೇಷ 34. ಮೂವತ್ತನಾಲ್ಕನೆಯದು ಶಾರ್ವರಿ, ಆ ವರ್ಷ ಶಾರ್ವರಿಯೇ ಇತ್ತು.

ಈಗ ನಿಮ್ಮ ಗರಿಗೆ ಬನ್ನಿ. ಕಳೆದುಹೋದ ಅಂಕಿ ಸೊನ್ನೆಯಿಂದ ಒಂಬತ್ತರೊಳಗಿನ ಯಾವುದಾದರೂ ಆಗಿರಬಹುದು, ಅಂದರೆ ಶಕ 1680ರಿಂದ 1689. ಈ ಹತ್ತು ವರ್ಷಗಳ ಶೇಷ 12ರಿಂದ 21, ಬಹುಧಾನ್ಯದಿಂದ ಸರ್ವಜಿತ್ತಿನವರೆಗೆ. ಸ್ವಭಾನು ಹದಿನೇಳನೆಯದು. 1685ಕ್ಕೆ 12 ಕೂಡಿಸಿದರೆ 1697, ಅದರಲ್ಲಿ 1680 ಕಳೆದರೆ 17. ಹುಳು ತಿಂದ ಅಂಕಿ ೫. ಹತ್ತರ ಸ್ಥಾನದ ೮ ಕೂಡ ಹೋಗಿ ‘೧೬’ ಮಾತ್ರ ಉಳಿದಿದ್ದರೂ ಗತಿಗೆಟ್ಟಂತೇನೂ ಆಗುತ್ತಿರಲಿಲ್ಲ. 1625 ಮತ್ತು 1685, ಈ ಎರಡೇ ಉಳಿಯುತ್ತಿದ್ದವು. (ಕೆಲವು ಪ್ರತಿಗಳಲ್ಲಿ ‘ಸುಭಾನು’ ಎಂದಿರುತ್ತದೆ, ಅದೂ ಇದೇ ಸಂವತ್ಸರ. ಆದರೆ ಹದಿನಾರನೆಯದಾದ ಚಿತ್ರಭಾನು ಬೇರೆ. ಮೊದಲ ಅಕ್ಷರಗಳು ಸವೆದು ‘…ಭಾನು’ ಎಂದಷ್ಟೇ ಕಂಡರೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.)

ಹೆಸರಿಗೆ ಅಂಕಿಗಿಂತ ಹೆಚ್ಚು ಬೆಲೆ ಕೊಡುವುದಕ್ಕೆ ಕಾರಣವಿದೆ. ಅಂಕಿ ಒಂದೇ ಗೀರು. ಕಂಟ (ಗರಿಯ ಮೇಲೆ ಕೊರೆದು ಬರೆಯುವ ಮೊಳೆ) ಸ್ವಲ್ಪ ಜಾರಿದರೆ ೬ ಹೋಗಿ ೯ ಆಗುತ್ತದೆ, ಗರಿಯ ನಾರು ಎದ್ದರೆ ೧ ಇದ್ದಲ್ಲಿ ೦ ಕಾಣುತ್ತದೆ. ಸಂವತ್ಸರದ ಹೆಸರಿನಲ್ಲಿ ಎರಡರಿಂದ ಐದು ಅಕ್ಷರಗಳಿರುತ್ತವೆ, ಒಂದು ಅಳಿಸಿದರೂ ಹೆಸರು ಉಳಿಯುತ್ತದೆ. ಮೇಲಾಗಿ ಪ್ರತಿ ಬರೆದ ಲಿಪಿಕಾರ ಬದುಕಿದ್ದದ್ದು ಸಂವತ್ಸರದ ಲೆಕ್ಕದಲ್ಲಿ. ಯುಗಾದಿಯ ದಿನ ಪಂಚಾಂಗ ಶ್ರವಣದಲ್ಲಿ ಕೇಳಿದ ಹೆಸರು ಅವನ ನಾಲಗೆಯ ಮೇಲಿತ್ತು. ಶಕದ ಸಂಖ್ಯೆಯನ್ನು ಅವನು ಕೇಳಿ, ಕೂಡಿಸಿ, ನೋಡಿ ಬರೆಯಬೇಕಿತ್ತು.

ಶಕದಿಂದ ಇಸವಿಗೆ ಬರಲು ಯುಗಾದಿಯಿಂದ ಡಿಸೆಂಬರ್ ಕೊನೆಯವರೆಗಿನ ದಿನಗಳಿಗೆ 78, ಜನವರಿ ಒಂದರಿಂದ ಮುಂದಿನ ಯುಗಾದಿಯವರೆಗೆ 79 ಕೂಡಿಸಬೇಕು. ಕಾರ್ತಿಕ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಆದ್ದರಿಂದ 1685ಕ್ಕೆ 78, ಅಂದರೆ 1763. ಮಾಘ, ಫಾಲ್ಗುಣವಾಗಿದ್ದರೆ 1764 ಆಗುತ್ತಿತ್ತು. ಪುಷ್ಯ ಮಾಸವೂ ಕೆಲವೊಮ್ಮೆ ಮಾರ್ಗಶಿರದ ಕೊನೆಯೂ ಡಿಸೆಂಬರ್ ಜನವರಿ ಎರಡಕ್ಕೂ ಚಾಚಿಕೊಳ್ಳುವುದರಿಂದ ಅಲ್ಲಿ ತಿಥಿಯವರೆಗೆ ಹೋಗದೆ ಇಸವಿ ಹೇಳಬಾರದು. ಗ್ರಂಥಸೂಚಿಗಳಲ್ಲಿ ಒಂದೊಂದು ವರ್ಷದ ವ್ಯತ್ಯಾಸಗಳು ಕಾಣುವುದಕ್ಕೆ ಎಲ್ಲಕ್ಕೂ 78 ಕೂಡಿಸಿ ಮುಗಿಸಿರುವುದೇ ಎಷ್ಟೋ ಬಾರಿ ಕಾರಣ.

ಇನ್ನು ತಾಳೆ ನೋಡುವ ಕೆಲಸ. ಇದನ್ನು ಬಿಟ್ಟರೆ ಮೇಲಿನದೆಲ್ಲ ಊಹೆಯಾಗಿಯೇ ಉಳಿಯುತ್ತದೆ. 1763ರ ಕಾರ್ತಿಕ ಹುಣ್ಣಿಮೆ ಭಾನುವಾರವೇ ಬಂದಿತ್ತೇ? ಇದಕ್ಕೆ ಹಳೆಯ ಆಧಾರ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆಯವರ ‘ಇಂಡಿಯನ್ ಎಫೆಮೆರಿಸ್’ ಸಂಪುಟಗಳು, ಕ್ರಿ.ಶ. 700ರಿಂದ 1799ರವರೆಗಿನ ತಿಥಿ ವಾರಗಳಿಗೆ. ರಾಬರ್ಟ್ ಸಿವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ಹೊರತಂದ ‘ಇಂಡಿಯನ್ ಕ್ಯಾಲೆಂಡರ್’ ಇನ್ನೊಂದು. ಕಂಪ್ಯೂಟರಿನಲ್ಲಿ ನೋಡುವವರು ಮಿಚಿಯೋ ಯಾನೋ ಮತ್ತು ಮಕೋಟೋ ಫುಶಿಮಿ ಸಿದ್ಧಪಡಿಸಿದ ‘ಪಂಚಾಂಗ’ ಎಂಬ ತಂತ್ರಾಂಶ ಬಳಸುತ್ತಾರೆ. ಅದು ಹಳೆಯ ಖಗೋಳಗ್ರಂಥವಾದ ಸೂರ್ಯಸಿದ್ಧಾಂತದ ಗಣಿತವನ್ನೇ ಅನುಸರಿಸುವುದರಿಂದ ಹಳೆಯ ದಾಖಲೆಗಳಿಗೆ ಹೊಂದುತ್ತದೆ.

ಇವೇನೂ ಕೈಗೆ ಸಿಗದಿದ್ದರೆ ಒರಟಾದ ಪರೀಕ್ಷೆಯೊಂದನ್ನು ನೀವೇ ಮಾಡಬಹುದು. ಹತ್ತೊಂಬತ್ತು ಸೌರ ವರ್ಷಗಳಲ್ಲಿ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಯಾಗಿ ಹಿಡಿಯುತ್ತವೆ, ಹಾಗಾಗಿ ಹತ್ತೊಂಬತ್ತು ವರ್ಷಕ್ಕೊಮ್ಮೆ ಅದೇ ತಿಥಿ ಅದೇ ತಾರೀಖಿನ ಆಸುಪಾಸಿಗೆ ಮರಳುತ್ತದೆ. 1763ಕ್ಕೆ ಹದಿಮೂರು ಆವರ್ತ, ಅಂದರೆ 247 ವರ್ಷ, ಕೂಡಿಸಿದರೆ 2010. ಆ ವರ್ಷದ ಕಾರ್ತಿಕ ಹುಣ್ಣಿಮೆ, ಗುರುನಾನಕ್ ಜಯಂತಿಯ ದಿನ, ನವೆಂಬರ್ 21. ಹಾಗಾದರೆ 1763ರಲ್ಲೂ ಹುಣ್ಣಿಮೆ ನವೆಂಬರ್ 21ರ ಅತ್ತಿತ್ತ ಒಂದೆರಡು ದಿನದೊಳಗೆ ಇರಬೇಕು. ಚಂದ್ರಗಣಿತದಿಂದ ನಿಖರವಾಗಿ ನೋಡಿದರೆ ಹುಣ್ಣಿಮೆ ಮುಗಿದದ್ದು ನವೆಂಬರ್ 20ರ ರಾತ್ರಿ. ಅಂದು ಸೂರ್ಯೋದಯಕ್ಕೆ ಹುಣ್ಣಿಮೆ ಇತ್ತು, ಅಂದು ಭಾನುವಾರ. ಗರಿಯ ‘ಆದಿವಾರ’ ಕೂಡಿಬಂತು.

ಇದೇ ಪರೀಕ್ಷೆಯನ್ನು ಅರವತ್ತು ವರ್ಷ ಹಿಂದಿನ ಸ್ವಭಾನುವಿನ ಮೇಲೆ ಹಚ್ಚಿ ನೋಡಿ. ಶಕ 1625, ಅಂದರೆ 1703. ಆ ವರ್ಷದ ಕಾರ್ತಿಕ ಹುಣ್ಣಿಮೆ ನವೆಂಬರ್ 23, ಶುಕ್ರವಾರ. ಭಾನುವಾರಕ್ಕೆ ಎರಡು ದಿನ ದೂರ. ‘೮’ ಅಂಕಿಯೂ ಕಳೆದುಹೋಗಿದ್ದ ಪಕ್ಷದಲ್ಲಿ ವಾರವೊಂದೇ ಎರಡರ ನಡುವೆ ತೀರ್ಮಾನ ಕೊಡುತ್ತಿತ್ತು. ಒಂದು ದಿನದ ಅಂತರವಿದ್ದರೆ ಹೆಚ್ಚು ಗಾಬರಿ ಬೇಡ: ತಿಥಿ ಬದಲಾಗುವುದು ಹಗಲಿನಲ್ಲೋ ರಾತ್ರಿಯಲ್ಲೋ ಯಾವ ಹೊತ್ತಿನಲ್ಲಾದರೂ ಆಗಬಹುದು, ಬೇರೆ ಬೇರೆ ಸಿದ್ಧಾಂತಗಳ ಗಣಿತದಲ್ಲಿ ಕೆಲವು ಗಳಿಗೆಗಳ ವ್ಯತ್ಯಾಸವೂ ಇರುತ್ತದೆ. ಎರಡು ದಿನ ಹೋಯಿತೆಂದರೆ ನಿಮ್ಮ ಓದಿನಲ್ಲಿ, ಲೆಕ್ಕದಲ್ಲಿ ಅಥವಾ ಲಿಪಿಕಾರನ ಬರವಣಿಗೆಯಲ್ಲಿ ಎಲ್ಲೋ ತಪ್ಪಿದೆ. ವಾರ ಕೂಡಿತು ಎಂಬುದೊಂದೇ ಪೂರ್ಣ ಪ್ರಮಾಣವೂ ಅಲ್ಲ. ಏಳರಲ್ಲಿ ಒಂದು ಸಲ ಅದು ಕಾಕತಾಳೀಯವಾಗಿಯೂ ಕೂಡುತ್ತದೆ. ಸಂವತ್ಸರ, ಶಕ, ವಾರ ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ನೆಮ್ಮದಿ.

ವಾರಗಳ ಹಳೆಯ ಹೆಸರುಗಳಲ್ಲೂ ಎಡವುವವರಿದ್ದಾರೆ. ಸೌಮ್ಯವಾರ ಬುಧವಾರ, ಸೋಮವಾರವಲ್ಲ. ಬೃಹವಾರ ಗುರುವಾರ, ಭೃಗುವಾರ ಶುಕ್ರವಾರ. ಎರಡೂ ಗರಿಯಲ್ಲಿ ಒಂದೇ ತರಹ ಕಾಣುತ್ತವೆ. ಸ್ಥಿರವಾರ, ಮಂದವಾರ ಎಂದರೆ ಶನಿವಾರ, ಶಾಸನಗಳ ವಡ್ಡವಾರವೂ ಶನಿವಾರವೇ. ‘ಶು’ ಅಂದರೆ ಶುದ್ಧ, ‘ಬ’ ಅಂದರೆ ಬಹುಳ. ಬಹುಳ ಪಕ್ಷದ ದಿನವಾದರೆ ಮಾಸದ ಹೆಸರನ್ನೂ ಗಮನಿಸಬೇಕು. ನಮ್ಮಲ್ಲಿ ಮಾಸ ಅಮಾವಾಸ್ಯೆಗೆ ಮುಗಿಯುತ್ತದೆ, ಉತ್ತರದಲ್ಲಿ ಹುಣ್ಣಿಮೆಗೆ. ನಮ್ಮ ಕಾರ್ತಿಕ ಬಹುಳವನ್ನು ಅವರು ಮಾರ್ಗಶಿರವೆಂದು ಕರೆಯುತ್ತಾರೆ. ಕಾಶಿಯಲ್ಲಿ ಕುಳಿತು ಬರೆದ ಕನ್ನಡ ಪ್ರತಿಯೊಂದು ಕೈಗೆ ಬಂದರೆ ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಉತ್ತರದ ಸಂವತ್ಸರವೂ ನಮ್ಮದಕ್ಕಿಂತ ಬೇರೆ. ಅಲ್ಲಿ ಗುರುಗ್ರಹದ ಗತಿಗೆ ಸರಿಯಾಗಿ ಸುಮಾರು 85 ವರ್ಷಕ್ಕೊಂದು ಹೆಸರನ್ನು ಬಿಟ್ಟು ಮುಂದೆ ಹೋಗುತ್ತಾರೆ. ನಮ್ಮಲ್ಲಿ ಶಾರ್ವರಿ ನಡೆಯುತ್ತಿದ್ದಾಗ ಅಲ್ಲಿ ಪ್ರಮಾದಿ. ಹತ್ತನೆಯ ಶತಮಾನದ ಆರಂಭದವರೆಗೆ ದಕ್ಷಿಣದಲ್ಲೂ ಆ ಬಿಡುವ ಪದ್ಧತಿ ಇದ್ದುದರಿಂದ, ಅದಕ್ಕೂ ಹಿಂದಿನ ರಾಷ್ಟ್ರಕೂಟ ಶಾಸನಗಳಿಗೆ ಮೇಲಿನ ‘12 ಕೂಡಿಸು’ ಸೂತ್ರವನ್ನು ಕಣ್ಣುಮುಚ್ಚಿ ಹಚ್ಚುವಂತಿಲ್ಲ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಹೌದು, ಕವಿಗಳ ಕಾಲ ಗೊತ್ತಾಗಿರುವುದೂ ಬಹುಮಟ್ಟಿಗೆ ಹೀಗೆಯೇ. ಆದರೆ ಅಲ್ಲಿ ತೊಡಕುಗಳು ಹೆಚ್ಚು. ಮುಖ್ಯವಾದದ್ದು ಗತ ಮತ್ತು ವರ್ತಮಾನ ಶಕದ ತೊಡಕು. ‘ಶಕ 900’ ಎಂದರೆ 900 ವರ್ಷ ತುಂಬಿತು ಎಂದೂ ಆಗಬಹುದು, 900ನೆಯ ವರ್ಷ ನಡೆಯುತ್ತಿದೆ ಎಂದೂ ಆಗಬಹುದು. ಚಾವುಂಡರಾಯ ಪುರಾಣವನ್ನೇ ತೆಗೆದುಕೊಳ್ಳಿ. ಅದು ಮುಗಿದದ್ದು ಶಕ 900ರ ಈಶ್ವರ ಸಂವತ್ಸರ, ಫಾಲ್ಗುಣ ಶುದ್ಧ ಅಷ್ಟಮಿ, ಸೋಮವಾರ. ಸೂತ್ರ ಹಚ್ಚಿದರೆ 912, ಶೇಷ 12, ಬಹುಧಾನ್ಯ. ಈಶ್ವರವಾದರೋ ಹನ್ನೊಂದನೆಯದು. ಒಂದು ಕಡಿಮೆ. ಅಂದರೆ ಇಲ್ಲಿನ 900 ನಡೆಯುತ್ತಿದ್ದ ವರ್ಷ, ಗತ ಶಕ 899. ಫಾಲ್ಗುಣ ಯುಗಾದಿಗೆ ಮುಂಚಿನ ಮಾಸವಾದ್ದರಿಂದ 79 ಕೂಡಿಸಬೇಕು: 978. ಆ ವರ್ಷದ ಫೆಬ್ರವರಿ 18ರಂದು ಶುದ್ಧ ಅಷ್ಟಮಿಯೂ ಸೋಮವಾರವೂ ಕೂಡುತ್ತವೆ. 900 ಗತವೆಂದು ಹಿಡಿದು 979ಕ್ಕೆ ಹೋದರೆ ಆ ಅಷ್ಟಮಿ ಶುಕ್ರವಾರದ ಆಸುಪಾಸಿಗೆ ಬೀಳುತ್ತದೆ, ಸೋಮವಾರ ಕೂಡುವುದೇ ಇಲ್ಲ. ಇದೇ ರೀತಿ ಸಂವತ್ಸರ ಒಂದು ಹಿಂದೆ ಬಿದ್ದ ದಾಖಲೆ ಕಂಡಾಗ ಅದನ್ನು ‘ತಪ್ಪು ತೇದಿ’ ಎಂದು ಷರಾ ಬರೆದು ಬದಿಗಿಡುವ ಮುನ್ನ ವರ್ತಮಾನ ಶಕದ ಸಾಧ್ಯತೆಯನ್ನು ನೋಡಬೇಕು. ಈ ವ್ಯತ್ಯಾಸ ಒಂದು ಹಿಂದಕ್ಕೆ ಬಂದರೆ ಅರ್ಥವಿದೆ. ಮುಂದಕ್ಕೆ ಬಂದರೆ, ಅಥವಾ ಮೂರು ನಾಲ್ಕು ವರ್ಷ ಸರಿದರೆ, ಬೇರೆ ಕಾರಣ ಹುಡುಕಬೇಕು.

ಗತವೋ ವರ್ತಮಾನವೋ ಎಂಬ ಗೊಂದಲಕ್ಕೆ ಎಡೆಕೊಡದ ಶಾಸನವೆಂದರೆ ಐಹೊಳೆಯದು. ಅದನ್ನು ಬರೆದ ಕವಿ ರವಿಕೀರ್ತಿ ಅಲ್ಲಿ ಭಾರತ ಯುದ್ಧದಿಂದ 3735 ವರ್ಷ, ಶಕರಾಜರ ಕಾಲದಲ್ಲಿ 556 ವರ್ಷ ಎಂದು ಎರಡು ಲೆಕ್ಕ ಕೊಟ್ಟು, ‘ಸಮತೀತಾಸು’, ಕಳೆದುಹೋದವು ಎಂದು ಬಿಡಿಸಿ ಹೇಳಿದ್ದಾನೆ. ಮೊದಲನೆಯದು ಕಲಿಯುಗದ ಲೆಕ್ಕ; ಗತ ಕಲಿಗೂ ಗತ ಶಕಕ್ಕೂ ಇರುವ ಅಂತರ 3179. 3735ರಲ್ಲಿ ಅದನ್ನು ಕಳೆದರೆ ಸರಿಯಾಗಿ 556. ಕ್ರಿ.ಶ. 634. ಎರಡು ಶಕೆಗಳನ್ನು ಕೊಟ್ಟಿರುವ ದಾಖಲೆ ಎಲ್ಲಿ ಸಿಕ್ಕರೂ ಮೊದಲು ಮಾಡಬೇಕಾದದ್ದು ಈ ಕಳೆಯುವ ಲೆಕ್ಕ.

ಸಂವತ್ಸರ ಮಾತ್ರ ಇದ್ದು ಶಕವೇ ಇಲ್ಲದ ಕಡೆ ಕೃತಿಯ ಇತರ ಸಂಗತಿಗಳು ಕೈಹಿಡಿಯಬೇಕು. ಪಂಪ ಆದಿಪುರಾಣದಲ್ಲಿ ತಾನು ದುಂದುಭಿ ಸಂವತ್ಸರದಲ್ಲಿ ಹುಟ್ಟಿದೆನೆಂದು ಹೇಳುತ್ತಾನೆ, ಶಕ ಹೇಳುವುದಿಲ್ಲ. ದುಂದುಭಿ ಐವತ್ತಾರನೆಯದು, ಆ ಕಾಲದ ಸುತ್ತ ಕ್ರಿ.ಶ. 842, 902, 962ರಲ್ಲಿ ಬರುತ್ತದೆ. ಅದೇ ಕಾವ್ಯ ಮುಗಿದದ್ದು ಶಕ 863, ಪ್ಲವ ಸಂವತ್ಸರ ಎಂದು ಅಲ್ಲೇ ಇದೆ. 875, ಶೇಷ 35, ಪ್ಲವ ಸರಿ, ಅಂದರೆ 941. ಹಾಗಾದರೆ 962 ಆಗದು. 842 ಆದರೆ ಕವಿಗೆ ತೊಂಬತ್ತೊಂಬತ್ತು ವರ್ಷ. ಉಳಿದದ್ದು 902. ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವ ಪಂಪನ ಜನ್ಮವರ್ಷ ಬಂದದ್ದು ಹೀಗೆ. ರನ್ನನದೂ ಇದೇ ದಾರಿ: ಹುಟ್ಟಿದ್ದು ಸೌಮ್ಯ ಸಂವತ್ಸರ, ಅಜಿತಪುರಾಣ ಮುಗಿದದ್ದು ಶಕ 915ರ ವಿಜಯ ಸಂವತ್ಸರ. ಮೊದಲನೆಯದು 949, ಎರಡನೆಯದು 993. ನೀವೇ ಕೂಡಿಸಿ ಭಾಗಿಸಿ ನೋಡಿ, ಕೈ ಪಳಗುತ್ತದೆ.

ಅಂಕಿ ಬರೆಯದೆ ಪದಗಳಲ್ಲಿ ಸಂಖ್ಯೆ ಹೇಳುವುದು ಪದ್ಯ ಕಟ್ಟುವವರ ಚಟ. ಭೂತಸಂಖ್ಯೆಯಲ್ಲಿ ಶಶಿ ಅಂದರೆ 1, ನೇತ್ರ 2, ಗುಣ, ಶಿಖಿ, ರಾಮ 3, ವೇದ 4, ಬಾಣ 5, ರಸ, ಋತು 6, ಗಿರಿ, ಅಶ್ವ 7, ವಸು, ಗಜ 8, ನಿಧಿ 9, ಅಂಬರ, ಖ 0. ರುದ್ರ 11, ಸೂರ್ಯ 12, ತಿಥಿ 15. ‘ಅಂಕಾನಾಂ ವಾಮತೋ ಗತಿಃ’ ಎಂಬಂತೆ ಬಿಡಿಸ್ಥಾನದಿಂದ ಓದಿಕೊಂಡು ಹೋಗಬೇಕು. ರಸ, ಗುಣ, ಬಾಣ, ಶಶಿ ಎಂದರೆ 1536. ಅಪಾಯವಿರುವುದು ಎರಡು ಬೆಲೆಯ ಪದಗಳಲ್ಲಿ. ಸಮುದ್ರ 4 ಆಗಬಹುದು, ಸಪ್ತಸಮುದ್ರವೆಂದು 7 ಆಗಬಹುದು; ದಿಕ್ಕು 4, 8, 10; ರಂಧ್ರ 9 ಅಥವಾ 0. ‘ರಸ ಸಮುದ್ರ ಬಾಣ ಶಶಿ’ ಎಂದಿದ್ದರೆ 1546 ಅಥವಾ 1576. ಜೊತೆಯಲ್ಲಿ ರಕ್ತಾಕ್ಷಿ ಎಂದಿದ್ದರೆ ಮೊದಲನೆಯದು, ಜಯ ಎಂದಿದ್ದರೆ ಎರಡನೆಯದು.

ಇದು ಬರೀ ಕಲ್ಪನೆಯ ತೊಡಕಲ್ಲ. ಮುಳುಗುಂದದ ನಯಸೇನ ಧರ್ಮಾಮೃತದ ಕಾಲವನ್ನು ಗಿರಿ, ಶಿಖಿ, ವಾಯುಮಾರ್ಗ, ಶಶಿ ಎಂದು ಹೇಳಿ, ನಂದನ ಸಂವತ್ಸರವೆನ್ನುತ್ತಾನೆ. ವಾಯುಮಾರ್ಗ ಎಂದರೆ ಆಕಾಶ, ಸೊನ್ನೆ. ರೂಢಿಯಂತೆ ಗಿರಿಯನ್ನು 7 ಎಂದರೆ ಶಕ 1037. 12 ಕೂಡಿಸಿ ಭಾಗಿಸಿದರೆ ಶೇಷ 29, ಮನ್ಮಥ. ನಂದನ ಇಪ್ಪತ್ತಾರನೆಯದು, ಅದು ಬರುವುದು ಶಕ 1034ಕ್ಕೆ. ಮೂರು ವರ್ಷದ ಈ ಅಂತರವನ್ನು ಗತ ವರ್ತಮಾನಗಳಿಂದ ತುಂಬಲಾಗದು. ಗಿರಿಗೆ 4ರ ಬೆಲೆ ಕೊಟ್ಟರೆ ಮಾತ್ರ ಎಲ್ಲವೂ ಕೂಡುತ್ತದೆ. ಆದ್ದರಿಂದ ಕೃತಿಯ ಕಾಲ 1112 ಎಂದು ಹಿಡಿಯುವುದು ರೂಢಿ. ಪದ್ಯದ ಸಂಖ್ಯೆಗಿಂತ ಸಂವತ್ಸರಕ್ಕೆ ಹೆಚ್ಚು ತೂಕ ಕೊಟ್ಟ ನಿರ್ಣಯವದು. ಸರಿಯಾದ ನಿರ್ಣಯವೆಂದೇ ನನ್ನ ಅಭಿಪ್ರಾಯ. ಛಂದಸ್ಸಿಗೆ ಸಿಕ್ಕ ಪದವನ್ನು ಕವಿ ಹಿಗ್ಗಿಸಬಲ್ಲ, ನಡೆಯುತ್ತಿರುವ ಸಂವತ್ಸರದ ಹೆಸರನ್ನು ಬದಲಿಸಲಾರ.

ಅಕ್ಷರಗಳಿಗೇ ಅಂಕಿಯ ಬೆಲೆ ಕೊಡುವ ಕಟಪಯಾದಿ ಇನ್ನೊಂದು ಬಗೆ. ಮೇಳಕರ್ತ ರಾಗಗಳ ಹೆಸರು ಬಲ್ಲವರಿಗೆ ಇದು ಪರಿಚಿತ: ಧೀರಶಂಕರಾಭರಣದ ಧೀ 9, ರ 2, ತಿರುಗಿಸಿದರೆ 29. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿ ನಾರಾಯಣೀಯವನ್ನು ‘ಆಯುರಾರೋಗ್ಯಸೌಖ್ಯಂ’ ಎಂದು ಮುಗಿಸಿದ್ದು ಇದೇ ಲೆಕ್ಕದಲ್ಲಿ. ಅದರಿಂದ ಬರುವ 1712210 ವರ್ಷಗಳ ಸಂಖ್ಯೆಯಲ್ಲ, ಕಲಿಯುಗ ಮೊದಲಾದಂದಿನಿಂದ ಕಳೆದ ದಿನಗಳದು. 1586ಕ್ಕೆ ತಂದು ನಿಲ್ಲಿಸುತ್ತದೆ. ಕನ್ನಡ ಪ್ರತಿಗಳಲ್ಲಿ ಈ ಪದ್ಧತಿಗಿಂತ ಭೂತಸಂಖ್ಯೆಯೇ ಹೆಚ್ಚು ಎದುರಾಗುತ್ತದೆ.

ಬೇರೆ ಶಕೆಗಳು ಸಿಕ್ಕಾಗ: ‘ಚಾಲುಕ್ಯ ವಿಕ್ರಮ ವರ್ಷ’ ಎಂದಿದ್ದರೆ 1075 ಕೂಡಿಸಿ, ಏಕೆಂದರೆ ಆರನೆಯ ವಿಕ್ರಮಾದಿತ್ಯ ಅದನ್ನು ತೊಡಗಿದ್ದು ಶಕ 998ರ ನಳ ಸಂವತ್ಸರದಲ್ಲಿ, ಕ್ರಿ.ಶ. 1076ರಲ್ಲಿ. ಅದನ್ನು ಉತ್ತರದ ವಿಕ್ರಮ ಸಂವತ್ ಎಂದುಕೊಂಡು 57 ಕಳೆದವರ ಫಲಿತಾಂಶ ಸಾವಿರ ವರ್ಷಕ್ಕೂ ಹೆಚ್ಚು ಹಿಂದೆ ಹೋಗಿ ಬೀಳುತ್ತದೆ, ಆದ್ದರಿಂದ ಆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಆದಿಲಶಾಹಿ ಪ್ರದೇಶದ ಕಾಗದಪತ್ರಗಳಲ್ಲಿ ಹಿಜರಿ ಬರುತ್ತದೆ. ಅದು ಶುದ್ಧ ಚಾಂದ್ರಮಾನ, ನಮ್ಮ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಗಿಡ್ಡ. 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿಯ ಹತ್ತಿರ ಬರಬಹುದು. 1097 ಹಿಜರಿಯನ್ನು ಹೀಗೆ ಮಾಡಿದರೆ 1686 ಸಿಗುತ್ತದೆ, ಔರಂಗಜೇಬ ಬಿಜಾಪುರ ಹಿಡಿದ ವರ್ಷ. ‘ಸುಹೂರ್’ ಸನ್ ಇದ್ದರೆ 599 ಅಥವಾ 600, ದಖ್ಖನಿನ ಫಸಲಿ ಇದ್ದರೆ 590 ಅಥವಾ 591 ಕೂಡಿಸಬೇಕು. ಇವೆರಡೂ ಮುಂಗಾರಿನ ಹೊತ್ತಿಗೆ ಬದಲಾಗುವ ವರ್ಷಗಳು, ಹಿಜರಿಯ ಹಾಗೆ ಋತುಗಳ ನಡುವೆ ಅಲೆಯುವುದಿಲ್ಲ. ಪ್ರವಾದಿಯ ಜನನದಿಂದ ಎಣಿಸುವ, ಟಿಪ್ಪುವಿನ ಮೌಲೂದಿ ಲೆಕ್ಕ ಪ್ರತ್ಯೇಕ ಅಧ್ಯಾಯವೇ ಸರಿ. ಆ ಲೆಕ್ಕದ ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು ಎಂಬುದು ನೆನಪಿದ್ದರೆ ಸದ್ಯಕ್ಕೆ ಸಾಕು.

ಇಂಗ್ಲಿಷ್ ತಾರೀಖಿನ ಬಗ್ಗೆಯೂ ಒಂದು ಎಚ್ಚರಿಕೆ. 1582ರ ಅಕ್ಟೋಬರಿಗೆ ಮುಂಚಿನ ತಾರೀಖುಗಳನ್ನು ಹಳೆಯ ಜೂಲಿಯನ್ ಕ್ಯಾಲೆಂಡರಿನ ಕ್ರಮದಲ್ಲಿ ಕೊಡುವುದು ವಾಡಿಕೆ. ಮೇಲಿನ 978ರ ಫೆಬ್ರವರಿ 18 ಹಾಗೆ ಬಂದದ್ದು. ಆದರೆ ಇಂಗ್ಲೆಂಡ್ ಈಗಿನ ಹೊಸ (ಗ್ರೆಗೋರಿಯನ್) ಕ್ರಮಕ್ಕೆ ಬಂದದ್ದು 1752ರಲ್ಲಿ. ಇಂಗ್ಲಿಷರ ರೂಢಿ ಹಿಡಿದ ಕೋಷ್ಟಕ ನೋಡಿದರೆ 1703ರ ನವೆಂಬರ್ 23 ಅಲ್ಲಿ ನವೆಂಬರ್ 12 ಎಂದಿರುತ್ತದೆ. ವಾರ ಎರಡರಲ್ಲೂ ಶುಕ್ರವಾರವೇ. ಹಾಗಾಗಿ ಇಬ್ಬರ ತಾರೀಖುಗಳ ನಡುವೆ ಹತ್ತು ಹನ್ನೊಂದು ದಿನದ ಅಂತರವಿದ್ದು ವಾರ ಮಾತ್ರ ಒಂದೇ ಆಗಿದ್ದರೆ ಜಗಳಕ್ಕೆ ಕಾರಣವಿಲ್ಲ.

ಲಕ್ಷ್ಮೀಶನ ವಿಷಯಕ್ಕೆ ಮರಳುವುದಾದರೆ, ಗರಿಯಲ್ಲಿ ‘ಬರದು ಸಂಪೂರ್ಣವಾಯಿತು’ ಎಂದಿರುವುದು ಲಿಪಿಕಾರನ ಮಾತು. ಇದರ ಅಕ್ಕಪಕ್ಕದಲ್ಲಿ ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’ ಎಂದೋ ‘ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ’ ಎಂದೋ ಇದೆಯೇ ನೋಡಿ. ಇದ್ದರೆ ಅನುಮಾನವೇ ಬೇಡ. ಕವಿಯೇ ಹೇಳುವ ಕಾಲ ಪದ್ಯದೊಳಗೆ, ಕೃತಿಯ ಛಂದಸ್ಸಿನಲ್ಲಿ ಇರುತ್ತದೆ. ಬೇರೆ ಬೇರೆ ಪ್ರತಿಗಳಲ್ಲೂ ಅದೇ ಮಾತು ಮರುಕಳಿಸುತ್ತದೆ. ಲಿಪಿಕಾರ ಕೊನೆಯಲ್ಲಿ ಬರೆಯುವ ಸಮಾಪ್ತಿಯ ಸಾಲು, ಅಂದರೆ ಪುಷ್ಪಿಕೆ, ಗದ್ಯದಲ್ಲಿ, ಆಡುಮಾತಿನ ಕಾಗುಣಿತದಲ್ಲಿ ಇರುತ್ತದೆ, ಆ ಒಂದು ಪ್ರತಿಗೆ ಸೀಮಿತ. ‘ಬರೆದು’ ಎನ್ನಬೇಕಾದಲ್ಲಿ ನಿಮ್ಮ ಗರಿಯಲ್ಲಿ ‘ಬರದು’ ಎಂದಿರುವುದೂ ಅದನ್ನೇ ಸೂಚಿಸುತ್ತದೆ.

ಅದಕ್ಕಿಂತ ಸೂಕ್ಷ್ಮವಾದ ಸಾಧ್ಯತೆ ಒಂದಿದೆ. ಲಿಪಿಕಾರ ತನ್ನ ಮುಂದಿದ್ದ ಹಳೆಯ ಪ್ರತಿಯ ಪುಷ್ಪಿಕೆಯನ್ನೂ, ತೇದಿ ಸಮೇತ, ಹಾಗೆಯೇ ನಕಲು ಮಾಡಿರಬಹುದು. ಆಗ 1763 ನಿಮ್ಮ ಕಟ್ಟಿನ ಕಾಲವೂ ಆಗದೆ ಅದರ ಮಾತೃಪ್ರತಿಯ ಕಾಲವಾಗುತ್ತದೆ. ತೇದಿಯ ಸಾಲು ಕಾವ್ಯದ ಗರಿಗಳ ಅದೇ ಕೈಬರಹದಲ್ಲಿದೆಯೇ, ಗರಿಯ ಅಳತೆ ಮತ್ತು ದಾರದ ತೂತು ಉಳಿದವುಗಳಿಗೆ ಹೊಂದುತ್ತವೆಯೇ, ಅದರ ನಂತರ ಬೇರೊಂದು ಹೆಸರು ಅಥವಾ ಎರಡನೆಯ ಸಂವತ್ಸರ ಎಲ್ಲಿಯಾದರೂ ಇದೆಯೇ ಎಂದು ನೋಡಿ. ಎರಡು ತೇದಿಗಳಿದ್ದರೆ ಸಾಮಾನ್ಯವಾಗಿ ಈಚಿನದು ನಿಮ್ಮ ಪ್ರತಿಯದು. ‘ಈ ಪುಸ್ತಕ ಇಂಥವರದು’ ಎಂಬ ಸಾಲು ಬೇರೆ ಕೈಯಲ್ಲಿದ್ದರೆ ಅದು ಒಡೆತನದ ಮಾತಷ್ಟೆ, ಅದರ ಜೊತೆಗಿನ ತೇದಿಯನ್ನು ಬರವಣಿಗೆಗೆ ಅಂಟಿಸಬೇಡಿ.

1763ರ ಆರಂಭದಲ್ಲಿ ಹೈದರಾಲಿ ಬಿದನೂರು ಹಿಡಿದು ಕೆಳದಿ ಅರಸರ ಆಳ್ವಿಕೆ ಮುಗಿಸಿದ್ದ. ನಿಮ್ಮ ಊರು ಮಲೆನಾಡಿನದಾದರೆ, ಪುಷ್ಪಿಕೆಯಲ್ಲಿ ಅರಸನ ಹೆಸರಿಲ್ಲದ್ದಕ್ಕೆ ಇದೇ ಕಾರಣವೆಂದು ಕಥೆ ಕಟ್ಟುವ ಆಸೆ ಬರಬಹುದು. ಬೇಡ. ಮನೆಬಳಕೆಗೆ ಮಾಡಿಕೊಂಡ ಪ್ರತಿಗಳಲ್ಲಿ ಅರಸರ ಹೆಸರು ಇಲ್ಲದಿರುವುದೇ ಸಾಮಾನ್ಯ.

ಓದುವಾಗ ಗರಿಗೆ ಎಣ್ಣೆ, ಮಸಿ, ಸೊಪ್ಪಿನ ರಸ ಏನನ್ನೂ ಹಚ್ಚಬೇಡಿ. ದೀಪವನ್ನು ಗರಿಯ ಮಟ್ಟಕ್ಕೇ ಇಳಿಸಿ ಪಕ್ಕದಿಂದ ಹಿಡಿದರೆ ಕಂಟದ ಗೆರೆಯೊಳಗೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಬೆಳಕನ್ನು ಎಡದಿಂದ, ಬಲದಿಂದ, ಮೇಲಿನಿಂದ ಬದಲಿಸಿ ಒಂದೇ ಜಾಗದ ಮೂರು ನಾಲ್ಕು ಫೋಟೊ ತೆಗೆಯಿರಿ. ಹುಳು ತಿಂದ ತೂತಿನ ಅಂಚಿನಲ್ಲಿ ಅಂಕಿಯ ಬಾಲವೇನಾದರೂ ಉಳಿದಿದ್ದರೆ ಅದು ಸಿಗುವುದು ಈ ಫೋಟೊಗಳಲ್ಲಿ, ಮತ್ತು ಅದು ೫ರ ತುಣುಕೇ ಆಗಿರಬೇಕು. ಬೇರೆಯದಾಗಿ ಕಂಡರೆ ಮೇಲಿನ ಲೆಕ್ಕವನ್ನು ಮತ್ತೆ ತೆರೆಯಬೇಕಾಗುತ್ತದೆ. ದಾಖಲಿಸುವಾಗ ಗರಿಯಲ್ಲಿರುವ ಸಾಲನ್ನು ಇದ್ದ ಕಾಗುಣಿತದಲ್ಲೇ ಬರೆದು, ಊಹಿಸಿದ ಅಂಕಿಯನ್ನು ಚೌಕ ಕಂಸದಲ್ಲಿ ಹಾಕಿ: ೧೬೮[೫]. ಅದರ ಕೆಳಗೆ ‘ಗತ ಶಕ, ಸ್ವಭಾನು, 1763 ನವೆಂಬರ್ 20, ವಾರ ಕೂಡುತ್ತದೆ, ಲಿಪಿಕಾಲ’ ಎಂದು ಬರೆಯಿರಿ. ಕಟ್ಟನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತೋರಿಸಲು ಒಯ್ಯುವಾಗ ಈ ಚೀಟಿ ಜೊತೆಗಿರಲಿ. ಗರಿಗಳ ಕ್ರಮ ತಪ್ಪದಂತೆ ದಾರ ಬಿಚ್ಚದೆ, ಎರಡೂ ಕಡೆ ಹಲಗೆ ಇಟ್ಟು, ಹತ್ತಿಬಟ್ಟೆಯಲ್ಲಿ ಸುತ್ತಿ ಒಯ್ಯಿರಿ.